ಎರವಲು ಹೆಸರುಗಳ ಕುರಿತು ಒಬ್ಬ ಹೊಸ ಕಾದಂಬರಿಕಾರರಿಗೆ ಉತ್ತರ

ಮಾನ್ಯರೇ,

ನಮಸ್ಕಾರ. ನೀವು ಕಳುಹಿಸಿದ ಮಾಂತ್ರಿಕ ಲೋಕದ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಹಾಗೆಂದು ಇದನ್ನು ಕೈಬಿಡಲೂ ನನಗೆ ಮನಸ್ಸಿಲ್ಲ. ಬಿಹೋಲ್ಡರ್, ಮೈಂಡ್ ಫ್ಲೇಯರ್, ಡ್ರೌ, ಹಾಬಿಟ್ ಎಂಬ ಕಾಲ್ಪನಿಕ ಜೀವಿಗಳ ಹೆಸರುಗಳನ್ನು, ಆಟಗಾರರು ಪಾತ್ರಗಳಾಗಿ ಕಥೆ ಕಟ್ಟುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಿಂದ ತೆಗೆದುಕೊಂಡಿರುವುದಾಗಿ ನಿಮ್ಮ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದೀರಿ. ಹೆಸರಿಗೆ ಕಾಪಿರೈಟ್ ಇಲ್ಲವಲ್ಲ, ಅದರಲ್ಲೂ ಕನ್ನಡದಲ್ಲಿ ಬರೆದರೆ ಯಾರು ಕೇಳುತ್ತಾರೆ ಎಂದೂ ವಾದಿಸಿದ್ದೀರಿ. ಮೊದಲು ಈ ಎರಡು ಮಾತುಗಳಿಗೆ ಉತ್ತರಿಸುತ್ತೇನೆ.

ಮೊದಲನೆಯದು ಅರ್ಧ ನಿಜ. ಒಂದು ಹೆಸರೋ ಶೀರ್ಷಿಕೆಯೋ ತಾನೊಂದೇ ‘ಕೃತಿ’ ಎನಿಸಿಕೊಳ್ಳುವುದಿಲ್ಲ. ‘ದೇಸಿ ಬಾಯ್ಸ್’ ಚಿತ್ರದ ಶೀರ್ಷಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿತು. ಆದರೆ ಕಾಪಿರೈಟ್ ಕಾಯ್ದೆ ಮುಟ್ಟದ ಹೆಸರನ್ನು ಟ್ರೇಡ್‌ಮಾರ್ಕ್ (ವ್ಯಾಪಾರದ ಗುರುತು) ಕಾಯ್ದೆ ಮುಟ್ಟಬಹುದು. ಕಾಪಿರೈಟ್‌ಗೆ ಒಂದು ಕೊನೆಯಿದೆ, ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ. ಟ್ರೇಡ್‌ಮಾರ್ಕ್ ಹಾಗಲ್ಲ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೇ ಇಲ್ಲ. ನಿಮ್ಮ ಪಾತ್ರವೊಂದು ಮೊಬೈಲಿನಲ್ಲಿ ಪೋಕೆಮಾನ್ ಆಡುತ್ತಿದ್ದರೆ ಅದು ಬರಿಯ ಉಲ್ಲೇಖ, ಅದಕ್ಕೆ ಅಂಜಬೇಕಾಗಿಲ್ಲ. ಅದೇ ಹೆಸರು ಪುಸ್ತಕದ ರಕ್ಷಾಪುಟಕ್ಕೇರಿ, ಆ ಕಂಪನಿಯೇ ಇದನ್ನು ತಂದಿದೆ ಎಂದು ಓದುಗರು ತಿಳಿಯುವಂತಾದರೆ ಮಾತು ಬೇರೆ. ನೀವು ಸೂಚಿಸಿರುವ ಶೀರ್ಷಿಕೆಯಲ್ಲಿಯೇ ‘ಬಿಹೋಲ್ಡರ್’ ಇದೆ.

ಕನ್ನಡದಲ್ಲಿ ಬರೆದರೆ ಯಾರು ಕೇಳುತ್ತಾರೆ ಎಂಬ ಮಾತು ನನಗೆ ಬೇಸರ ತಂದಿತು. ಭಾರತವು 1928ರಿಂದಲೂ ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರ. ಅದರಂತೆ ಹೊರದೇಶದ ಕೃತಿಗಳಿಗೆ ಇಲ್ಲಿಯೂ ರಕ್ಷಣೆಯಿದೆ, ಮತ್ತು ಅನುವಾದಿಸುವ ಹಕ್ಕು ಮೂಲ ಲೇಖಕರದೇ. ಲಿಪಿ ಬದಲಾದ ಮಾತ್ರಕ್ಕೆ ಹಕ್ಕು ಬದಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯಾರೂ ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ಕನ್ನಡದಲ್ಲಿ ಪುಸ್ತಕ ತರುವುದನ್ನು ನಾನು ಒಪ್ಪಲಾರೆ. ನಮ್ಮ ಓದುಗರಲ್ಲಿ ಈ ಆಟಗಳನ್ನು ಆಡಿ ಬೆಳೆದವರು ಬೇಕಾದಷ್ಟಿದ್ದಾರೆ. ಎರಡನೆಯ ಅಧ್ಯಾಯ ಮುಗಿಯುವುದರೊಳಗೆ ಅವರು ಮೂಲವನ್ನು ಗುರುತಿಸುತ್ತಾರೆ. ನಮ್ಮ ಕರಾರುಪತ್ರದಲ್ಲಿ, ಕೃತಿ ತನ್ನ ಸ್ವಂತದ್ದೆಂದು ಲೇಖಕರು ಖಾತರಿ ಕೊಡುವ ಮತ್ತು ತಕರಾರು ಬಂದರೆ ನಷ್ಟದ ಹೊಣೆ ಹೊರುವ ಒಂದು ಷರತ್ತಿದೆ. ಅದಕ್ಕೆ ಸಹಿ ಹಾಕುವವರು ನೀವು ಎಂಬುದನ್ನು ದಯವಿಟ್ಟು ಮರೆಯಬೇಡಿ.

ನಿಮ್ಮ ಪಟ್ಟಿಯಲ್ಲೇ ಇರುವ ಹಾಬಿಟ್ ವಾಸ್ತವವಾಗಿ ಆ ಆಟದ ಸೊತ್ತಲ್ಲ. ಅದು 1937ರಲ್ಲಿ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಕಾದಂಬರಿಯಿಂದ ಬಂದದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ ಅದರಲ್ಲಿ ಟೋಲ್ಕಿನ್ ಅವರ ಜೀವಿಗಳಾದ ಹಾಬಿಟ್, ಎಂಟ್, ಬಾಲ್‌ರಾಗ್ ಎಲ್ಲವೂ ಇದ್ದವು. ಹಕ್ಕುದಾರರಿಂದ ತಕರಾರು ಬಂದ ಮೇಲೆ, ಆ ದಶಕ ಮುಗಿಯುವುದರೊಳಗೆ, ಹಾಬಿಟ್ ಹೋಗಿ ಹಾಫ್‌ಲಿಂಗ್ ಆಯಿತು, ಎಂಟ್ ಟ್ರೀಯೆಂಟ್ ಆಯಿತು. ಹೀಗೆ ಪೆಟ್ಟು ತಿಂದ ಆಟವೇ ಮುಂದೆ ತನ್ನ ಹೆಸರುಗಳಿಗೆ ಬೇಲಿ ಹಾಕಿಕೊಂಡಿತು. 2000ದಲ್ಲಿ ಅದು ತನ್ನ ನಿಯಮಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತಾದರೂ ಬಿಹೋಲ್ಡರ್, ಮೈಂಡ್ ಫ್ಲೇಯರ್ ಮುಂತಾದ ಕೆಲವು ಜೀವಿಗಳನ್ನು ಮಾತ್ರ ತನ್ನದೇ ಗುರುತೆಂದು ಕಾದಿರಿಸಿಕೊಂಡಿತು. 2023ರ ಜನವರಿಯಲ್ಲಿ ನಿಯಮಗಳ ಒಂದು ದೊಡ್ಡ ಭಾಗ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಗೆ ಬಂದಾಗಲೂ ಈ ಎರಡು ಜೀವಿಗಳ ವಿವರಣೆ ಅದರಲ್ಲಿ ಸೇರಲಿಲ್ಲ. ಇನ್ನು ಹಾಬಿಟ್ ಹೆಸರಿನ ಹಕ್ಕುದಾರರು 2012ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಒಂದು ಪಬ್ಬಿಗೂ ಅದೇ ಹೆಸರಿಟ್ಟುಕೊಂಡ ಕಾರಣಕ್ಕೆ ನೋಟಿಸು ಕೊಟ್ಟಿದ್ದರು.

ಹಾಗಾದರೆ ಯಾವ ಹೆಸರನ್ನೂ ಮುಟ್ಟಬಾರದೇ ಎಂದು ನೀವು ಕೇಳಬಹುದು. ಹಾಗಲ್ಲ. ಡ್ರ್ಯಾಗನ್, ಎಲ್ಫ್, ಗಾಬ್ಲಿನ್ ಇವೆಲ್ಲ ಯುರೋಪಿನ ಜನಪದದ ಸ್ವತ್ತು, ಯಾರು ಬೇಕಾದರೂ ಬಳಸಬಹುದು. ರಾಕ್ಷಸ ಮತ್ತು ನಾಗರನ್ನಂತೂ ಆ ಆಟವೇ ನಮ್ಮ ಪುರಾಣಗಳಿಂದ ಒಯ್ದಿದೆ; ಅವನ್ನು ಬಳಸಲು ನೀವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಆದರೆ ನಿಮ್ಮ ಐದನೆಯ ಅಧ್ಯಾಯದ ರಾಕ್ಷಸನಿಗೆ ಹುಲಿಯ ತಲೆಯಿದೆ, ಅಂಗೈಗಳು ಹಿಂದುಮುಂದಾಗಿವೆ. ಹೆಸರು ನಮ್ಮದು, ರೂಪ ಆಟದ್ದು. ಡ್ರೌ ವಿಷಯವೂ ಹೀಗೆಯೇ: ಆ ಶಬ್ದದ ಬೇರು ಸ್ಕಾಟ್ಲೆಂಡಿನ ಜನಪದದಲ್ಲಿದೆ, ಆದರೆ ನೆಲದಡಿಯ ನಗರಗಳಲ್ಲಿ ಜೇಡ ದೇವತೆಯನ್ನು ಪೂಜಿಸುವ, ಹೆಣ್ಣಾಳ್ವಿಕೆಯ ಕಪ್ಪು ಎಲ್ಫರನ್ನು ಕಟ್ಟಿದ್ದು ಆಟವೇ.

ಆದ್ದರಿಂದ ಬರಿಯ ಹೆಸರು ಬದಲಿಸಿ ಹಿಂದಿರುಗಿಸಬೇಡಿ. ರಾಜ್ ಕಾಮಿಕ್ಸ್ ಎಂಬ ಚಿತ್ರಕಥಾ ಮಾಲೆಯ ನಾಯಕ ನಾಗರಾಜನ ಪ್ರಕರಣ ನಿಮಗೆ ತಿಳಿದಿರಲಿ. ಇನ್ನೊಬ್ಬ ಪ್ರಕಾಶಕರು ‘ನಾಗೇಶ’ ಎಂಬ ನಾಯಕನನ್ನು ತಂದಾಗ ಹೆಸರು ಬೇರೆಯೇ ಇತ್ತು. ಆದರೂ ಹಸಿರು ಮೈ, ಹಾವಿನ ಶಕ್ತಿ, ಹೆಸರಿನ ಅರ್ಥ ಎಲ್ಲವೂ ಹೊಂದುತ್ತಿದ್ದುದರಿಂದ ದೆಹಲಿ ಹೈಕೋರ್ಟು 1990ರ ದಶಕದಲ್ಲಿ ತಡೆಯಾಜ್ಞೆ ಕೊಟ್ಟಿತು.

ಈಗ ನಿಮ್ಮ ಬರವಣಿಗೆಗೆ ಬರುತ್ತೇನೆ. ನನಗೆ ಕಾನೂನಿಗಿಂತಲೂ ಇದೇ ಮುಖ್ಯ. ಮೂರನೆಯ ಅಧ್ಯಾಯದಲ್ಲಿ ನೀವು ಹೀಗೆ ಬರೆದಿದ್ದೀರಿ: “ಗವಿಯ ಬಾಯಲ್ಲಿ ಬಿಹೋಲ್ಡರ್ ತೇಲುತ್ತಿತ್ತು. ಎಲ್ಲರೂ ನಡುಗಿದರು.” ಇಷ್ಟೇ. ಆಟ ಆಡಿದವರಿಗೆ ನಡುಗಣ್ಣು, ಅದರ ಸುತ್ತಲಿನ ಹತ್ತು ಕಣ್ಣುಗಳು ನೆನಪಾಗುತ್ತವೆ. ಆಡದವರಿಗೆ ಏನೂ ಕಾಣುವುದಿಲ್ಲ. ಹೆದರಿಸುವ ಕೆಲಸವನ್ನು ನೀವು ಇನ್ನೊಬ್ಬರ ಹೆಸರಿಗೆ ವಹಿಸಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಎರವಲು ಹೆಸರು ಬಂದ ಕಡೆಯೆಲ್ಲ ನಿಮ್ಮ ಗದ್ಯ ಹೀಗೆ ಸೊರಗಿದೆ.

ಅದೇ ಏಳನೆಯ ಅಧ್ಯಾಯವನ್ನು ನೋಡಿ. ಸುಂಕದ ಕಟ್ಟೆಯಲ್ಲಿ ಕುಳಿತು ದಾರಿಹೋಕರ ನೆರಳನ್ನು ಗೇಣು ಹಾಕಿ ಅಳೆದು, ಉದ್ದ ನೆರಳಿನವರಿಂದ ಹೆಚ್ಚು ಸುಂಕ ಕೇಳುವ ಆ ಮುದುಕನಿಗೆ ನೀವು ‘ನೆರಳಳೆಯ’ ಎಂದು ಹೆಸರಿಟ್ಟಿದ್ದೀರಿ. ಬಡ ಹೆಂಗಸೊಬ್ಬಳು ಸುಂಕ ಉಳಿಸಲು ನಡು ಮಧ್ಯಾಹ್ನದವರೆಗೆ ಮಗುವನ್ನು ಎತ್ತಿಕೊಂಡು ಬಿಸಿಲಿನಲ್ಲೇ ಕಾಯುವ ಆ ಎರಡು ಪುಟಗಳನ್ನು ನಾನು ಮತ್ತೆ ಮತ್ತೆ ಓದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುವ ಗಾದೆಯನ್ನು ಕೇಳಿ ಬೆಳೆದ ಓದುಗರಿಗೆ ಈ ಪಾತ್ರವನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಇಂಥದ್ದನ್ನು ಕಟ್ಟಬಲ್ಲವರು ಬಿಹೋಲ್ಡರನ್ನು ಯಾಕೆ ಹಿಡಿದುಕೊಂಡಿರಬೇಕು?

ಆಟದ ಮೇಲಿನ ಪ್ರೀತಿಯಿಂದಲೇ, ಅದೇ ಲೋಕದಲ್ಲಿ ಬರೆಯುವ ಆಸೆ ನಿಮಗಿದ್ದರೆ ಅದೂ ತಪ್ಪಲ್ಲ. ಹಣ ಪಡೆಯದೆ, ಅನಧಿಕೃತವೆಂದು ತಿಳಿಸಿ ಹಂಚಿಕೊಳ್ಳುವ ಅಭಿಮಾನಿ ಬರಹಕ್ಕೆ ಆಟದ ಒಡೆತನ ಹೊಂದಿರುವ ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ತನ್ನ ನೀತಿಯಲ್ಲಿ ಅವಕಾಶ ಕೊಟ್ಟಿದೆ. ಆದರೆ ಮಾರಾಟದ ಪುಸ್ತಕಕ್ಕೆ ಅದು ಅನ್ವಯಿಸದು.

ನನ್ನ ಕೋರಿಕೆ ಇಷ್ಟು. ಮೂರರಿಂದ ಆರರವರೆಗಿನ ಅಧ್ಯಾಯಗಳಲ್ಲಿ ಎರವಲು ಹೆಸರುಗಳನ್ನು ಮೊದಲು ಅಳಿಸಿ, ಆ ಜಾಗವನ್ನು ಕೆಲಕಾಲ ಖಾಲಿ ಬಿಡಿ. ಆ ಜೀವಿ ಎದುರಿಗಿರುವವರಿಗೆ ಏನು ಮಾಡುತ್ತದೆ ಎಂಬುದನ್ನು ಬರೆದ ನಂತರವೇ ಅದಕ್ಕೆ ಹೆಸರಿಡಿ. ಹಾಗೆ ಬರೆದಾಗ ಹತ್ತು ಕಣ್ಣುಗಳೇ ಮತ್ತೆ ಬಂದರೆ, ಆ ಜೀವಿಯನ್ನೇ ಬಿಟ್ಟುಬಿಡಿ. ಏಳನೆಯ ಅಧ್ಯಾಯದ ಒಂದಕ್ಷರವನ್ನೂ ಬದಲಿಸಬೇಡಿ. ತಿದ್ದಿದ ಪ್ರತಿಯ ಜೊತೆಗೆ ಕಾದಂಬರಿಯ ಎಲ್ಲ ವ್ಯಕ್ತಿ, ಊರು, ಪ್ರಾಣಿಗಳ ಹೆಸರು ಎಲ್ಲಿಂದ ಬಂತು ಎಂಬ ಪಟ್ಟಿಯನ್ನೂ ಲಗತ್ತಿಸಿ. ಪ್ರತಿ ಕೈಸೇರಿದ ಕೂಡಲೇ ಓದಿ ಬರೆಯುತ್ತೇನೆ.

ಇತಿ ವಿಶ್ವಾಸಿ,
ಸಂಪಾದಕ