ಗಟ್ಟಿಮುಟ್ಟಾದ ಹುಡುಗನಿಗೆ ಮೆದುಳು ಜ್ವರ ಹೇಗೆ ಬಂತು?

ಹಾವೇರಿ ಜಿಲ್ಲೆಯ ಪಿಯು ಕಾಲೇಜೊಂದರ ಉಪನ್ಯಾಸಕಿ ಬರೆದ ಪತ್ರ ಇದು, ಸ್ವಲ್ಪ ಚಿಕ್ಕದು ಮಾಡಿದ್ದೇವೆ: "ನಮ್ಮ ಸೆಕೆಂಡ್ ಪಿಯು ಹುಡುಗ, ಕಬಡ್ಡಿ ತಂಡದವನು. ಮೂರು ದಿನ ಜ್ವರ, ತಲೆನೋವು. ಆಮೇಲೆ ಏನೇನೋ ಮಾತಾಡತೊಡಗಿದ. ಅಮ್ಮನನ್ನು ಅಕ್ಕನ ಹೆಸರಿನಿಂದ ಕರೆದ. ಏನೋ ಸುಟ್ಟ ವಾಸನೆ ಎಂದ, ಮನೆಯಲ್ಲಿ ಯಾರಿಗೂ ಆ ವಾಸನೆ ಇಲ್ಲ. ಪರೀಕ್ಷೆಯ ಟೆನ್ಷನ್ ಅಂದುಕೊಂಡರು, ನಿಂಬೆಹಣ್ಣು ಇಳಿಸಿದರು. ಫಿಟ್ಸ್ ಬಂದ ಮೇಲೆ ಆಸ್ಪತ್ರೆಗೆ ಓಡಿದರು. ಹರ್ಪಿಸ್ ವೈರಸ್‌ನಿಂದ ಮೆದುಳು ಊದಿದೆ ಎಂದರಂತೆ. ಈಗ ಚೇತರಿಸಿಕೊಳ್ಳುತ್ತಿದ್ದಾನೆ. ಆದರೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದು 'ಆ ಥರದ' ಕಾಯಿಲೆ, ಅಂಟುತ್ತೆ ಅಂತ ಹರಡಿದೆ. ಒಂದು ದಿನವೂ ಕಾಯಿಲೆ ಬೀಳದ ಹುಡುಗನಿಗೆ ಇದು ಬಂದದ್ದು ಹೇಗೆ? ಅವನ ಬೆಂಚಿನ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕಾ? ಸ್ನೇಹಿತರು ನೋಡಲು ಹೋಗಬಹುದಾ?"

ಮೇಡಂ, ನಮಸ್ಕಾರ.

ಮೊದಲು ಆ ಗುಂಪಿನ ಮಾತು ಮುಗಿಸಿಬಿಡೋಣ. ಈ ವಯಸ್ಸಿನವರ ಮೆದುಳಿಗೆ ಏರುವ ಹರ್ಪಿಸ್ ಹೆಚ್ಚಾಗಿ ಸಿಂಪ್ಲೆಕ್ಸ್ ಒಂದನೇ ಬಗೆಯದು. ಜ್ವರ ಬಂದಾಗ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತಲ್ಲ, ಅದನ್ನು ತರುವ ವೈರಸ್ಸೇ ಇದು. ಬಹಳಷ್ಟು ಜನಕ್ಕೆ ಚಿಕ್ಕಂದಿನಲ್ಲೇ, ದೊಡ್ಡವರು ಮುದ್ದು ಮಾಡುವಾಗ ಎಂಜಲಿನಿಂದ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದೆ. ನಿಮ್ಮ ಸ್ಟಾಫ್ ರೂಮಿನಲ್ಲೂ ಎಷ್ಟೋ ಮಂದಿಗೆ ಇದ್ದೀತು. ಹುಡುಗನ ನಡತೆಗೂ ಇದಕ್ಕೂ ಸಂಬಂಧವೇ ಇಲ್ಲ. ಆ ಮೆಸೇಜ್ ಹಾಕಿದವರಿಗೆ ಇಷ್ಟನ್ನು ಮುಖಕ್ಕೆ ಹೇಳಿ, ತಪ್ಪೇನಿಲ್ಲ.

ಇಷ್ಟು ಜನರ ಮೈಯಲ್ಲಿದ್ದೂ ಇದು ಮೆದುಳು ಊದಿಸುವುದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಎರಡರಿಂದ ನಾಲ್ವರಿಗೆ ಮಾತ್ರ. ಅವರಲ್ಲಿ ಇವನೇ ಯಾಕೆ? 2006 ಮತ್ತು 2007ರಲ್ಲಿ ಪ್ಯಾರಿಸ್‌ನ ವಿಜ್ಞಾನಿ ಝಾನ್-ಲೊರಾನ್ ಕಸನೋವಾ ಅವರ ತಂಡಕ್ಕೆ ಒಂದು ಸುಳಿವು ಸಿಕ್ಕಿತು. ಈ ಕಾಯಿಲೆ ಬಂದ ಕೆಲವು ಮಕ್ಕಳಲ್ಲಿ ಒಂದೊಂದು ಜೀನ್‌ನಲ್ಲಿ ದೋಷವಿತ್ತು. ಅದರಿಂದಾಗಿ ಅವರ ಮೆದುಳಿನ ಜೀವಕೋಶಗಳು ಈ ವೈರಸ್ ಬಂದಾಗ ಇಂಟರ್‌ಫೆರಾನ್ ಎಂಬ ರಕ್ಷಣೆಯ ವಸ್ತುವನ್ನು ಸರಿಯಾಗಿ ತಯಾರಿಸುತ್ತಿರಲಿಲ್ಲ. ಬೇರೆ ರೋಗಗಳನ್ನೆಲ್ಲ ಅದೇ ಮಕ್ಕಳು ಸಲೀಸಾಗಿ ಎದುರಿಸಿದ್ದರು. ಎಲ್ಲ ರೋಗಿಗಳಿಗೂ ಈ ಕಾರಣ ಹೊಂದುವುದಿಲ್ಲ, ಕೆಲವರಿಗೆ ಮಾತ್ರ. ಆದರೂ ಒಂದು ಮಾತು ಖಾತ್ರಿಯಾಯಿತು: ಮೈಕಟ್ಟು, ಊಟ, ಕಸರತ್ತು ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರು ಏನೂ ತಪ್ಪು ಮಾಡಿಲ್ಲ.

ಬೆಂಚಿನ ಮಕ್ಕಳಿಗೆ ಪರೀಕ್ಷೆ ಬೇಡ, ಈ ವೈರಸ್ ಹೇಗೂ ಬಹಳಷ್ಟು ಜನರ ಮೈಯಲ್ಲಿ ಇದ್ದೇ ಇದೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಇನ್ನೊಂದು ಬಗೆಯ ಮೆದುಳು ಜ್ವರ ಆಗಿದ್ದರೂ ಬೇಕಿರಲಿಲ್ಲ. ಅದು ಹಂದಿ, ಕೊಕ್ಕರೆಗಳಿಂದ ಗದ್ದೆಯ ಸೊಳ್ಳೆಯ ಮೂಲಕ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದಕ್ಕೆ ಲಸಿಕೆಯೂ ಇದೆ. ನಿಫಾ ವೈರಸ್‌ನಿಂದ ಬರುವ ಮೆದುಳು ಜ್ವರ ಬೇರೆಯೇ ಕಥೆ. 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ರೋಗಿಯ ಆರೈಕೆ ಮಾಡಿದವರಿಗೂ ಅದು ಹರಡಿತ್ತು. ಹಾಗಾಗಿ ಮೆದುಳು ಜ್ವರ ಅಂದ ಕೂಡಲೇ ಹೆದರುವ ಮೊದಲು ಯಾವ ವೈರಸ್ ಅಂತ ಕೇಳಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ನಿಂಬೆಹಣ್ಣಿಗಿಂತ ಜಾಸ್ತಿ ಆ 'ಪರೀಕ್ಷೆಯ ಟೆನ್ಷನ್' ಅನ್ನೋ ಮಾತು. ಐದು ವರ್ಷದ ಮಗು ಅಮ್ಮನ ಗುರುತು ತಪ್ಪಿದರೆ ಮನೆ ಕೂಡಲೇ ಆಸ್ಪತ್ರೆಗೆ ಓಡುತ್ತದೆ. ಹದಿನೇಳರ ಹುಡುಗ ರೇಗಿದರೆ, ರಾತ್ರಿಯೆಲ್ಲ ಎದ್ದು ಕೂತರೆ, ಈ ವಯಸ್ಸೇ ಹಾಗೆ ಅಂತೀವಿ. ಹರ್ಪಿಸ್ ಮೊದಲು ಕೈ ಹಾಕುವುದು ಕಿವಿಯ ಪಕ್ಕದ ಮೆದುಳಿನ ಭಾಗಕ್ಕೆ. ನೆನಪು, ಮಾತು, ಭಾವನೆ ಎಲ್ಲ ಅಲ್ಲೇ. ವಾಸನೆಯ ಅರಿವಿಗೂ ಆ ಜಾಗ ಬೇಕು, ಇಲ್ಲದ ಸುಟ್ಟ ವಾಸನೆ ಬರುವುದು ಅದಕ್ಕೇ. ಜ್ವರದ ಜೊತೆಗೆ ನಡತೆ ಬದಲಾದರೆ, ಮಾತು ತಪ್ಪಿದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪೂಜೆ ಮಾಡಿಸುವವರು ಆಮೇಲೆ ಮಾಡಿಸಲಿ, ನನ್ನ ತಕರಾರಿಲ್ಲ.

ಆಸ್ಪತ್ರೆಗೆ ಹೋದ ಮೇಲೂ ಒಂದು ಕಡೆ ಗಾಡಿ ನಿಲ್ಲುತ್ತದೆ: ಬೆನ್ನಿನ ನೀರು ತೆಗೆಯುವುದು. ಸೊಂಟ ಬಿದ್ದುಹೋಗುತ್ತೆ ಅಂತ ಹೆದರಿ ಎಷ್ಟೋ ಮನೆಯವರು ಸಹಿ ಹಾಕುವುದಿಲ್ಲ. ನಡೆಯುವುದು ಇಷ್ಟೇ. ಹುಡುಗನನ್ನು ಮಗ್ಗುಲಾಗಿ, ಮೊಣಕಾಲು ಎದೆಗೆ ಮಡಚಿ ಮಲಗಿಸುತ್ತಾರೆ. ಸೊಂಟದ ಕೆಳಭಾಗದಲ್ಲಿ ಎರಡು ಮೂಳೆಗಳ ನಡುವೆ ಸೂಜಿ ಹಾಕುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಹಾಗಾಗಿ ಸೂಜಿ ಅದಕ್ಕೆ ತಾಗುವುದಿಲ್ಲ. ಹನಿಹನಿಯಾಗಿ ಬೀಳುವ ಕೆಲವೇ ಎಂ.ಎಲ್. ನೀರನ್ನು ಪುಟ್ಟ ಟ್ಯೂಬುಗಳಲ್ಲಿ ಹಿಡಿಯುತ್ತಾರೆ. ಅದರಲ್ಲಿ ವೈರಸ್ ಇದೆಯೇ ಎಂದು ಪಿಸಿಆರ್ ಎಂಬ ಲ್ಯಾಬ್ ಪರೀಕ್ಷೆಯಲ್ಲಿ ನೋಡುತ್ತಾರೆ. ಕಾಯಿಲೆಯ ಮೊದಲ ದಿನಗಳಲ್ಲಿ ಇದು ಕೆಲವೊಮ್ಮೆ ನೆಗೆಟಿವ್ ಬರುವುದುಂಟು. ಆಗ ಮತ್ತೊಮ್ಮೆ ತೆಗೆಯೋಣ ಅಂದರೆ ಡಾಕ್ಟರ ಮೇಲೆ ರೇಗಬೇಡಿ.

ರಿಪೋರ್ಟಿಗೆ ಕಾಯದೆ ಶುರು ಮಾಡುವ ಔಷಧ ಅಸೈಕ್ಲೋವಿರ್. ಇದು ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ಸಂಶೋಧನೆಯಿಂದ ಬಂದದ್ದು, 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಔಷಧವೇ ಇಲ್ಲದ ಕಾಲದಲ್ಲಿ ಹತ್ತರಲ್ಲಿ ಏಳು ಮಂದಿ ಸಾಯುತ್ತಿದ್ದರು. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹಿಂದಿನ ಔಷಧ ಪಡೆದವರಲ್ಲಿ ಶೇ 54 ಜನ ತೀರಿಕೊಂಡರೆ, ಅಸೈಕ್ಲೋವಿರ್ ಪಡೆದವರಲ್ಲಿ ಶೇ 28. ಚಿಕ್ಕ ವಯಸ್ಸಿನವರು, ಪೂರ್ತಿ ಪ್ರಜ್ಞೆ ತಪ್ಪುವ ಮೊದಲೇ ಔಷಧ ಸಿಕ್ಕವರು ಚೆನ್ನಾಗಿ ಚೇತರಿಸಿಕೊಂಡರು. ಇದನ್ನು ಎಂಟು ಗಂಟೆಗೊಮ್ಮೆ ನರದಲ್ಲಿ, ನಿಧಾನವಾಗಿ ಒಂದು ಗಂಟೆ ಕೊಡಬೇಕು, 14ರಿಂದ 21 ದಿನ. ಮೂತ್ರಪಿಂಡಕ್ಕೆ ತೊಂದರೆಯಾಗದಂತೆ ಜೊತೆಗೆ ಡ್ರಿಪ್ ಬೇಕು. ಐದನೇ ದಿನ ಹುಡುಗ ಎದ್ದು ಕೂತು ಕಾಫಿ ಕೇಳಿದ ಅಂತ ಡಿಸ್ಚಾರ್ಜ್ ಕೇಳುವವರಿದ್ದಾರೆ. ಖರ್ಚಿನ ಕಷ್ಟ ಗೊತ್ತು. ಆದರೂ ಬೇಡ, ಮಾತ್ರೆ ನುಂಗಿದರೆ ಅದು ಇದರ ಬದಲಿಗೆ ಆಗುವುದಿಲ್ಲ.

ಮನೆಯವರಿಗೆ ಇದನ್ನು ತಪ್ಪದೆ ತಿಳಿಸಿ: ವಾಸಿಯಾಗಿ ಕೆಲವು ವಾರಗಳಾದ ಮೇಲೆ ವಿಚಿತ್ರ ನಡತೆ ಮತ್ತೆ ಕಾಣಿಸಬಹುದು. ಸ್ಪೇನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಕಾಲುಭಾಗ ರೋಗಿಗಳಿಗೆ ಹೀಗಾಗಿತ್ತು. ಆಗ ತೊಂದರೆ ಕೊಡುವುದು ವೈರಸ್ ಅಲ್ಲ, ಮೆದುಳಿನ ಮೇಲೇ ತಿರುಗಿಬಿದ್ದ ದೇಹದ ರೋಗನಿರೋಧಕ ಶಕ್ತಿ. ಅದಕ್ಕೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್‌ನಂಥ ಬೇರೆಯೇ ಚಿಕಿತ್ಸೆ ಇದೆ. ಗಾಳಿ ತಿರುಗಿ ಬಂತು ಅಂತ ಮತ್ತೆ ದಿನ ಕಳೆಯದಿರಲಿ.

ಸ್ನೇಹಿತರು ಧಾರಾಳವಾಗಿ ಹೋಗಲಿ, ಜ್ವರ ನೆಗಡಿ ಇರುವವರನ್ನು ಬಿಟ್ಟು. ಇಡೀ ಕಬಡ್ಡಿ ತಂಡ ಒಟ್ಟಿಗೆ ಬೇಡ, ಗದ್ದಲಕ್ಕೆ ಅವನು ಬೇಗ ಸುಸ್ತಾಗುತ್ತಾನೆ. ಇಬ್ಬಿಬ್ಬರಾಗಿ ಹೋಗಲಿ. ಮೊದಲು ತಮ್ಮ ಹೆಸರು ತಾವೇ ಹೇಳಲಿ, 'ನಾನ್ಯಾರು ಹೇಳು ನೋಡೋಣ' ಅಂತ ಸುಮ್ನೆ ಪರೀಕ್ಷೆ ಮಾಡೋದು ಬೇಡ. ಹೆಸರು ತಕ್ಷಣ ಹೊಳೆಯದಿರುವುದು, ಓದಿದ ಪುಟ ಮರೆಯುವುದು ತಿಂಗಳುಗಟ್ಟಲೆ ಇರಬಹುದು. ಕಾಲೇಜಿಗೆ ಬಂದಾಗ ಮೊದಲು ಅರ್ಧ ದಿನ ಕೂರಿಸಿ, ನೋಟ್ಸ್ ಬರೆದು ಕೊಡಿ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಮೊದಲನೆಯದಕ್ಕೇ ಕೂರಲೇಬೇಕು ಅಂತ ಅವನ ಅಪ್ಪ ಹಟ ಹಿಡಿದರೆ ನೀವೇ ಒಂದು ಮಾತು ಹೇಳಿ ನೋಡಿ. ಉಪನ್ಯಾಸಕರು ಹೇಳಿದರೆ ಕೇಳ್ತಾರೆ.

— ಸಂಪಾದಕ