ಹಳೇ ಲ್ಯಾಂಪು, ಆನೆ ಹೊಟ್ಟೆಯ ಹುಳ ಮತ್ತು ಚಿಗರಿ

ಅಜ್ಜನ ಕಾಲದ ಕಬ್ಬಿಣದ ಟೇಬಲ್ ಲ್ಯಾಂಪು ಅಟ್ಟದ ಮೇಲೆ ಬಿದ್ದಿದೆ, ಐದು ವರ್ಷದ ಮಗನ ಕೋಣೆಗೆ ಒಪ್ಪುವಂತೆ ಮಾಡಬೇಕು, ಯಾವ ಬಣ್ಣ ಹಚ್ಚಲಿ, ಎಷ್ಟು ಖರ್ಚಾದೀತು ಅಂತ ಕೇಳಿದ್ದೀರಿ. ಬಣ್ಣ ಆಮೇಲೆ ನೋಡೋಣ. ಮೊದಲು ಅದರ ಪ್ಲಗ್ಗಿಗೆ ಎಷ್ಟು ಪಿನ್ ಇವೆ ಎಣಿಸಿ.

ನಾನು ಎಣಿಸಿರಲಿಲ್ಲ. ಧಾರವಾಡದ ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಲ್ಯಾಂಪಿತ್ತು, ಅಪ್ಪನದು. ಅಪ್ಪ ಸಾಲಿ ಮಾಸ್ತರರು. ಪರೀಕ್ಷೆ ಮುಗಿದ ದಿನಗಳಲ್ಲಿ ರಾತ್ರಿ ಹನ್ನೊಂದರ ತನಕ ಅದರ ಬೆಳಕಿನಲ್ಲಿ ಪೇಪರ್ ತಿದ್ದುತ್ತಿದ್ದರು. ಹಸಿರು ಬಣ್ಣದ ಕಬ್ಬಿಣದ ಬುಡ, ತಗಡಿನ ಟೋಪಿ. ಮಗಳಿಗೆ ಆರು ತುಂಬಿ, ತನ್ನದೇ ಕೋಣೆ ಬೇಕೆಂದು ಹಟ ಹಿಡಿದಾಗ ಅದನ್ನು ಕೆಳಗಿಳಿಸಿದೆ. ಬಲ್ಬ್ ಹಾಕಿದರೆ ಹತ್ತಿತು. ಹತ್ತಿದ ಮೇಲೆ ಇನ್ನೇನು ಎಂದು ಬಣ್ಣದ ಡಬ್ಬಿ ತರಲು ಚಪ್ಪಲಿ ಮೆಟ್ಟುತ್ತಿದ್ದೆ. ಫ್ಯಾನ್ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ತಡೆದ. “ಸರ, ಮೈ ಕಬ್ಬಣ, ಪಿನ್ ಎರಡ. ಇದನ್ನ ಹುಡುಗೂರ ಕೈಯಾಗ ಕೊಡ್ತೀರೇನ್ರಿ?”

ಎರಡು ಪಿನ್ ಅಂದರೆ ಅರ್ಥಿಂಗ್ ಇಲ್ಲ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಮೂರನೇ ತಂತಿ ಇಲ್ಲ. ಹಳೇ ವೈರಿನ ಮೇಲ್ಪದರ ಒಣಗಿ ಬಿರಿದು, ಒಳಗೆಲ್ಲೋ ಕರೆಂಟು ತರುವ ಫೇಸ್ ತಂತಿ ಕಬ್ಬಿಣಕ್ಕೆ ತಾಗಿತು ಅನ್ನಿ, ಲ್ಯಾಂಪಿನ ಇಡೀ ಮೈಗೆ 230 ವೋಲ್ಟ್ ಬಂದು ಕೂತಿರುತ್ತದೆ. ಬಲ್ಬ್ ಮಾತ್ರ ಏನೂ ಆಗದವರಂತೆ ಉರಿಯುತ್ತಿರುತ್ತದೆ, ಫ್ಯೂಸೂ ಹೋಗುವುದಿಲ್ಲ. ಬರಿಗಾಲಲ್ಲಿ ನಿಂತು ಮುಟ್ಟಿದವರ ಮೈಯಿಂದಲೇ ಅದು ನೆಲಕ್ಕೆ ಇಳಿಯಬೇಕು. ಅರ್ಥಿಂಗ್ ಇದ್ದರೆ ಆ ಕರೆಂಟು ತಂತಿಯ ದಾರಿ ಹಿಡಿದು ಹೋಗಿ, ಬೋರ್ಡಿನ ಎಂಸಿಬಿ ಸ್ವಿಚ್ಚು ತಾನಾಗಿಯೇ ಬಿದ್ದು ಕರೆಂಟು ಕಡಿಯುತ್ತದೆ.

ಆದ್ದರಿಂದ ಹಳೇ ವೈರು, ಹೋಲ್ಡರು, ಪ್ಲಗ್ಗು ಮೂರನ್ನೂ ಕಿತ್ತು ಒಗೆದೆವು. 0.75 ಚದರ ಮಿಲಿಮೀಟರಿನ ಮೂರು ಎಳೆಯ ವೈರು, 6 ಆಂಪಿಯರಿನ ಮೂರು ಪಿನ್ನಿನ ಪ್ಲಗ್ಗು ಎಲೆಕ್ಟ್ರಿಷಿಯನ್ ಹಾಕಿದ. ಕಂದು ತಂತಿ ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಅರ್ಥಿನ ತಂತಿಯನ್ನು ಬುಡದ ಒಳಮೈಗೆ ಸ್ಕ್ರೂ ಹಾಕಿ ಬಿಗಿಯಬೇಕು. ಅಲ್ಲಿ ಬಣ್ಣ ಇದ್ದರೆ ಕಬ್ಬಿಣ ಕಾಣುವ ತನಕ ಕೆರೆಯಬೇಕು, ಬಣ್ಣದ ಮೇಲೆ ಬಿಗಿದರೆ ಬಿಗಿಯದಿದ್ದ ಹಾಗೆಯೇ. ವೈರು ಹೊರಬರುವ ತೂತಿಗೆ ರಬ್ಬರ್ ಬುಶ್, ಒಳಗೆ ಒಂದು ಗಂಟು, ಮಗು ಎಳೆದರೂ ಹೋಲ್ಡರಿನ ತನಕ ಜಗ್ಗಬಾರದು. ವೈರಿನ ನಡುವೆ ಜೋತಾಡುವ ಬೆಡ್ ಸ್ವಿಚ್ ಬೇಡವೆಂದೆ, ಗೋಡೆಯ ಸ್ವಿಚ್ಚೇ ಸಾಕು. ಗೋಡೆಯ ಸಾಕೆಟ್ಟನ್ನೂ ಅವನಿಂದಲೇ ಪರೀಕ್ಷೆ ಮಾಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಈ ಕೆಲಸ ನಿಮಗೆ ಗೊತ್ತಿಲ್ಲದಿದ್ದರೆ ಯೂಟ್ಯೂಬ್ ನೋಡಿ ಕೈ ಹಾಕಬೇಡಿ.

ಇನ್ನು ಬಣ್ಣ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇದ್ದಿರಬಹುದು. ಆ ಧೂಳು ಮಕ್ಕಳ ಹೊಟ್ಟೆಗೆ ಹೋಗಬಾರದು. ಹಾಗಾಗಿ ಒಣ ಪಾಲಿಶ್ ಪೇಪರಿನಿಂದ ತಿಕ್ಕಬೇಡಿ. ನೀರಿನಲ್ಲಿ ತಿಕ್ಕುವ ಕರೀ ಪೇಪರ್ ತಂದು, ಅಂಗಳದಲ್ಲಿ ಹಳೇ ಪೇಪರ್ ಹಾಸಿಕೊಂಡು ಒದ್ದೆ ಒದ್ದೆಯಾಗಿಯೇ ತಿಕ್ಕಿ, ಆ ರಾಡಿಯನ್ನು ಪೇಪರ್ ಸಮೇತ ಸುತ್ತಿ ಎಸೆಯಿರಿ. ಇದೆಲ್ಲ ವೈರು ಕಳಚಿದ ಮೇಲೆ, ಹೊಸದು ಹಾಕುವ ಮೊದಲು. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಒಂದು ಕೈ, ಬಣ್ಣ ಎರಡು ಕೈ. ಧಾರವಾಡದ ಮಳೆಗಾಲದಲ್ಲಿ ಇದನ್ನು ಶುರು ಮಾಡಬೇಡಿ, ಜುಲೈಯಲ್ಲಿ ನಮ್ಮಲ್ಲಿ ಅರಿವೆಯೇ ಒಣಗುವುದಿಲ್ಲ, ಎನಾಮಲ್ ಎಲ್ಲಿಂದ ಒಣಗಬೇಕು? ಯಾವ ಬಣ್ಣ ಅನ್ನುವುದನ್ನು ಮಗನನ್ನೇ ಕೇಳಿ. ನಮ್ಮವಳು ಹಳದಿ ಅಂದಳು. ವಾಸನೆ ಪೂರ್ತಿ ಹೋಗುವ ತನಕ ಕೋಣೆಯೊಳಗೆ ಇಡಬೇಡಿ.

ನನಗೆ ಬಹಳ ಸಮಯ ಹಿಡಿದದ್ದು ಟೋಪಿ. ತಗಡಿನದು ಕೆಳಗಷ್ಟೇ ಬೆಳಕು ಬಿಡುತ್ತದೆ. ಪೇಪರ್ ತಿದ್ದುವವರಿಗೆ ಅದು ಸರಿ, ಕತ್ತಲೆಗೆ ಅಂಜುವ ಮಗುವಿಗೆ ಸುತ್ತಲೂ ಬೆಳಕು ಬೇಕು. ಬಟ್ಟೆಯ ಟೋಪಿ ಮಾಡೋಣವೆಂದು ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದಾಗ ಮಷಿನ್ ಎಂಬ್ರಾಯ್ಡರಿಯ ಒಂದು ಆನೆ ತಂದೆ, ಬಿಳೀ ಬಟ್ಟೆಗೆ ಹೊಲಿಸಿದೆ. ಹಗಲಲ್ಲಿ ಅಂಬಾರಿ ಹೊತ್ತ ಆನೆಯ ಹಾಗೆ ಗತ್ತಾಗಿತ್ತು. ರಾತ್ರಿ ದೀಪ ಹಾಕಿದ ಕೂಡಲೇ ಹಿಂಬದಿಯ ದಾರದ ಗಂಟು, ಜಿಗಿತ, ಅಂಟಿಸಿದ ದಪ್ಪ ಕಾಗದ ಎಲ್ಲವೂ ಕಪ್ಪಗೆ ಮೂಡಿದವು. “ಅಪ್ಪಾ, ಆನಿ ಹೊಟ್ಟ್ಯಾಗ ಹುಳಾ ಅದಾವ!” ಅಂತ ಮಗಳು ಹಾಸಿಗೆ ಬಿಟ್ಟು ಓಡಿ ಬಂದಳು.

ಅವ್ವ ಅದನ್ನು ಬಿಚ್ಚಿ ಹಿಂದುಮುಂದು ತಿರುವಿದಳು. “ತರೂಮುಂದ ಹಿಂದ ನೋಡಿದ್ದಿ ಏನೋ?” ಎಂದು ಕೇಳಿ, ತನ್ನ ಕಸೂತಿ ಡಬ್ಬಿ ತೆಗೆದಳು.

ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ, ಗಂಟು ಹಾಕುವಂತಿಲ್ಲ. ಬಟ್ಟೆಯ ಹಿಂದೆ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ, ಹಾಗಾಗಿ ದೀಪ ಹಿಂದಿನಿಂದ ಬಂದರೂ ಗೆರೆ ಸ್ವಚ್ಛ. ನೇಯ್ಗೆ ಮತ್ತು ಮೆಂತೆ ದಟ್ಟವಾಗಿ ತುಂಬುವಂಥವು. ಸೀರೆಯ ಮೇಲೆ ಚಂದ, ದೀಪಕ್ಕೆ ಬೇಡ. ಹಾಗೆಯೇ ಕಸೂತಿ ಅಂದರೆ ಕಪ್ಪು ಚಂದ್ರಕಾಳಿ ಸೀರೆ ಕಣ್ಣಿಗೆ ಕಟ್ಟುತ್ತದೆ, ಆದರೆ ಕಪ್ಪು ಬಟ್ಟೆ ಬೆಳಕನ್ನೆಲ್ಲ ನುಂಗುತ್ತದೆ. ಎಳೆ ಎಣಿಸಲು ಬರುವಂಥ ಬಿಳೀ ಖಾದಿ ತಂದೆವು. ರಾಷ್ಟ್ರಧ್ವಜದ ಖಾದಿ ನೇಯುವ ಗರಗ, ಧ್ವಜ ಹೊಲಿಯುವ ಬೆಂಗೇರಿ ಎರಡೂ ನಮ್ಮ ಮಗ್ಗುಲಲ್ಲೇ ಇರುವಾಗ ಬೇರೆ ಬಟ್ಟೆ ಯಾಕೆ ಎನ್ನುವುದು ಅವ್ವನ ವಾದ.

ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ಮೇಲೆ ಕಿರಿದು, ಕೆಳಗೆ ಅಗಲ ಇರುವ ಟೋಪಿಗೆ ಬಟ್ಟೆಯನ್ನು ಬಿಲ್ಲಿನ ಹಾಗೆ ಬಾಗಿಸಿ ಕತ್ತರಿಸಬೇಕು. ಕಸೂತಿಯೋ ಎಳೆ ಎಣಿಸುತ್ತಾ ನೆಟ್ಟಗೆ ಹೋಗುವಂಥದ್ದು, ಅಂಥ ಬಟ್ಟೆಯ ಮೇಲೆ ಅಂಚಿನ ಕಡೆ ಚಿತ್ರ ವಾರೆಯಾಗುತ್ತದೆ. ಅದಕ್ಕೇ ಡಬ್ಬಿಯ ಹಾಗೆ ನೇರವಾದ ಟೋಪಿ ಮಾಡಿಸಿ. ಗ್ರಿಲ್ ಅಂಗಡಿಯಲ್ಲಿ 20 ಸೆಂಟಿಮೀಟರ್ ಅಡ್ಡಳತೆಯ ಎರಡು ತಂತಿ ಬಳೆ, ನಡುವೆ ಮೂರು ಕಡ್ಡಿ ಬೆಸೆದುಕೊಟ್ಟರು. ಹೋಲ್ಡರನ್ನು ಜೊತೆಗೆ ಒಯ್ಯಿರಿ, ಕೂರುವ ಬಳೆಯ ಅಳತೆ ಅಲ್ಲೇ ಆಗಲಿ. ಸುತ್ತಳತೆ ಸುಮಾರು 63 ಸೆಂಟಿಮೀಟರ್ ಬರುತ್ತದೆ, ಹೊಲಿಗೆಗೆ ಎರಡು ಸೇರಿಸಿ 65. ಸಾಮಾನ್ಯ ಬಲ್ಬಿನ ಅಗಲ 6 ಸೆಂಟಿಮೀಟರ್, ಅಂದರೆ ಎಲ್ಲ ಕಡೆ 7 ಸೆಂಟಿಮೀಟರ್ ಜಾಗ ಉಳಿಯುತ್ತದೆ. ಮೇಲ್ಭಾಗ ತೆರೆದೇ ಇರಲಿ.

ಚಿತ್ರ ಏನು ಬೇಕೆಂದು ಅವ್ವ ಮೊಮ್ಮಗಳನ್ನು ಕೇಳಿದಳು. “ಚಿಗರಿ” ಅಂದಳು. ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ಅವ್ವ ನಾಲ್ಕು ಮಧ್ಯಾಹ್ನ ಕೂತು ಕೆಂಪು ದಾರದಲ್ಲಿ ಎರಡು ಚಿಗರಿ ಹಾಕಿದಳು, ಕೊಂಬು, ಬಾಲ ಸಮೇತ. ಮಗಳು ನೋಡಿ ಮುಖ ಸಣ್ಣಗೆ ಮಾಡಿದಳು. “ಆಯಿ, ಇದು ಚಿಗರಿ ಅಲ್ಲ. ಚಿಗರಿಗೆ ಗಾಲಿ ಇರ್ತಾವ.” ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಬಿಆರ್‌ಟಿಎಸ್ ಬಸ್ಸಿನ ಹೆಸರೂ ಚಿಗರಿ, ಅವಳಿಗೆ ಗೊತ್ತಿರುವುದು ಅದೊಂದೇ. ಅವ್ವ ಗೊಣಗುತ್ತಾ ನೀಲಿ ದಾರದಲ್ಲಿ ಗವಂತಿಯ ಬಸ್ಸೊಂದನ್ನು ಕೂಡಿಸಿದಳು. ಈಗ ಎರಡು ಚಿಗರಿ ಮುಂದೆ ಓಡುತ್ತಿವೆ, ಒಂದು ಚಿಗರಿ ಬೆನ್ನು ಹತ್ತಿದೆ. ಮನೆಗೆ ಬಂದವರಿಗೆಲ್ಲ ಅವ್ವ ತಾನಾಗಿಯೇ ಕರೆದು ತೋರಿಸುತ್ತಾಳೆ.

ಬಲ್ಬು ಎಲ್‌ಇಡಿಯೇ ಇರಲಿ. ಹಳೇ 60 ವ್ಯಾಟಿನ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಶಾಖವಾಗುತ್ತದೆ, ಬಟ್ಟೆಯ ಟೋಪಿಗೆ ಅದು ಬೇಡ. ಮಲಗುವ ಕೋಣೆಗೆ 3ರಿಂದ 5 ವ್ಯಾಟ್ ಸಾಕು, ಅದರ ಬೆಳಕಲ್ಲಿ ಓದುವುದೂ ಇದ್ದರೆ 9. ಡಬ್ಬಿಯ ಮೇಲೆ ವಾರ್ಮ್ ವೈಟ್, 2700 ಅಥವಾ 3000 ಕೆ ಎಂದಿರಬೇಕು; ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ಬೆಳ್ಳಗೆ. ನಾನು ಮೊದಲು ನೋಡದೆ 6500ರದ್ದು ತಂದಿದ್ದೆ, ಕೋಣೆ ಔಷಧದ ಅಂಗಡಿಯಂತಾಯಿತು.

ನನಗಾದ ಖರ್ಚು, ಆ ಹುಳದ ಆನೆಯನ್ನು ಬಿಟ್ಟು, ಸಾವಿರದ ಒಳಗೆ; ಅರ್ಧ ಎಲೆಕ್ಟ್ರಿಷಿಯನ್ನನಿಗೇ. ಅವ್ವನ ಕೂಲಿ ಹಿಡಿದಿಲ್ಲ.

ಬಟ್ಟೆಯನ್ನು ಬಳೆಗೆ ಅಂಟಿಸಬೇಡಿ, ಕೈ ಹೊಲಿಗೆ ಹಾಕಿ, ಧೂಳು ಹಿಡಿದಾಗ ಬಿಚ್ಚಿ ತೊಳೆಯಬಹುದು. ಕೆಂಪು ದಾರ ತಂದರೆ ಹೊಲಿಯುವ ಮೊದಲೇ ಒದ್ದೆ ಮಾಡಿ ಬಿಳೀ ಅರಿವೆಯ ಮೇಲೆ ತಿಕ್ಕಿ, ಬಣ್ಣ ಬಿಡುತ್ತದೋ ನೋಡಿ. ನಮ್ಮ ಒಂದು ಚಿಗರಿಯ ಕಾಲ ಕೆಳಗೆ ಗುಲಾಬಿ ಮಣ್ಣು ಬಂದದ್ದು ಹಾಗೆ ನೋಡದ್ದಕ್ಕೇ.