ಓದುಗರ ಪ್ರಶ್ನೆ, ನಮ್ಮ ಉತ್ತರ: ಆನೆ ನೋಡಲು ಆಫ್ರಿಕಾಕ್ಕೇ ಹೋಗಬೇಕಾ?

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಕಡೆ ಹೋಗಿಬರೋಣ ಅಂತಿದ್ದೇವೆ. ಅಮ್ಮ ಬೇಡ ಅನ್ನುತ್ತಿದ್ದಾರೆ. "ರಾತ್ರಿಯಾದರೆ ಆನೆ ನಮ್ಮ ತೋಟಕ್ಕೇ ಬರುತ್ತೆ, ಅದನ್ನು ನೋಡಲು ಅಷ್ಟು ದುಡ್ಡು ಸುರಿಯಬೇಕಾ?" ಅಂತ. ಏನು ಹೇಳಲಿ?
— ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಹೋಗಿಬನ್ನಿ. ಆಗುವುದಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಆನೆ ಕಾಟ ಅಂದರೆ ಏನು ಅಂತ ಗೊತ್ತಿರುವವರಿಗೆ ಅಲ್ಲಿ ನೋಡುವುದು, ಕೇಳುವುದು ಬೇಕಾದಷ್ಟಿದೆ.

ಬೋಟ್ಸ್ವಾನಾದಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ. ಬೇರೆ ಯಾವ ದೇಶದಲ್ಲೂ ಅಷ್ಟಿಲ್ಲ. ನಮ್ಮ ಇಡೀ ಕರ್ನಾಟಕದಲ್ಲಿ 2023ರ ಗಣತಿಗೆ ಸಿಕ್ಕಿದ್ದು 6,395. ಚೋಬೆ ನದಿ ದಡದ ಕಸಾನೆ ಊರಲ್ಲಿ ಉಳಿದುಕೊಳ್ಳಿ. ಮಳೆಯಿಲ್ಲದ ಒಣ ದಿನಗಳಲ್ಲಿ ಮಧ್ಯಾಹ್ನದ ಮೇಲೆ ದೋಣಿಯಲ್ಲಿ ಹೋದರೆ ಹಿಂಡು ಹಿಂಡಾಗಿ ನೀರಿಗೆ ಇಳಿಯುತ್ತವೆ, ಈಜಿಕೊಂಡು ನಡುಗಡ್ಡೆಗೆ ಹೋಗುತ್ತವೆ. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ. ಸೊಂಡಿಲ ತುದಿಯಲ್ಲಿ ಎರಡು ಬೆರಳು, ನಮ್ಮ ಆನೆಗೆ ಒಂದೇ. ಮಕ್ಕಳಿಗೆ ಇದನ್ನೆಲ್ಲ ತೋರಿಸಿ.

ಆದರೆ ದೋಣಿ ಹತ್ತಿ ಇಳಿದು ವಾಪಸ್ ಬರಬೇಡಿ. ಕಸಾನೆಯಿಂದ ಪಶ್ಚಿಮಕ್ಕೆ ಹೋದರೆ ಮಬೆಲೆ, ಕವಿಂಬಾ, ಕಚಿಕಾವು ಅಂತ ಹಳ್ಳಿಗಳಿವೆ, ಕಾಡಿಗೆ ಅಂಟಿಕೊಂಡೇ. ಜನ ದನ ಸಾಕುತ್ತಾರೆ, ಜೋಳ, ಮೆಕ್ಕೆಜೋಳ ಬೆಳೆಯುತ್ತಾರೆ, ತೆನೆ ಕಟ್ಟಿದ ಹೊತ್ತಿಗೆ ಸರಿಯಾಗಿ ಆನೆ ಇಳಿಯುತ್ತದೆ. ನಮ್ಮ ಗದ್ದೆಯ ಕಥೆಯೇ, ಅಲ್ವಾ? ಆ ಕಡೆಯ ರೈತರು ಮೆಣಸಿನಕಾಯಿ ಪುಡಿಯನ್ನು ಆನೆ ಲದ್ದಿಯಲ್ಲಿ ಕಲಸಿ, ಇಟ್ಟಿಗೆ ಮಾಡಿ ಒಣಗಿಸಿ, ರಾತ್ರಿ ಹೊಲದ ಅಂಚಿನಲ್ಲಿ ಹೊಗೆ ಹಾಕುತ್ತಾರೆ. ಹಳೇ ಆಯಿಲ್‌ಗೆ ಖಾರದ ಪುಡಿ ಬೆರೆಸಿ, ಬಟ್ಟೆಗೆ ಸವರಿ ಬೇಲಿ ಹಗ್ಗಕ್ಕೆ ಕಟ್ಟುವುದೂ ಉಂಟು. ಗಾಳಿ ತಿರುಗಿದರೆ ಹೊಗೆ ಕೆಲಸ ಮಾಡುವುದಿಲ್ಲ, ಮಳೆ ಬಂದರೆ ಮತ್ತೆ ಸವರಬೇಕು. ಒಂದು ದಿನ ಇದಕ್ಕೇ ಅಂತ ಇಟ್ಟುಕೊಳ್ಳಿ. ಹಳ್ಳಿಯವರನ್ನು ಬಲ್ಲ ಗೈಡ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ, ಹೋದಾಗ ಕ್ಯಾಮೆರಾ ಚೀಲದಲ್ಲೇ ಇರಲಿ, ಮೊದಲು ನಮಸ್ಕಾರ ಹೇಳಿ, ನಿಮ್ಮ ತೋಟದ ಮೊಬೈಲ್ ಫೋಟೋ ತೋರಿಸಿ ಮಾತು ಶುರು ಮಾಡಿ. ಅಮ್ಮನಿಗೆ ಅಲ್ಲಿ ಮಾತಾಡಲು ವಿಷಯಕ್ಕೆ ಬರವಿರುವುದಿಲ್ಲ.

ಅಲ್ಲಿಯ ಉಪಾಯವನ್ನು ಹಾಗೇ ತಂದು ಇಲ್ಲಿ ಹಾಕುವುದು ಕಷ್ಟ. ಬೋಟ್ಸ್ವಾನಾ 5.8 ಲಕ್ಷ ಚದರ ಕಿಲೋಮೀಟರ್, ಜನ ಸುಮಾರು 24 ಲಕ್ಷ. ಹಾಸನ ಜಿಲ್ಲೆ 6,814 ಚದರ ಕಿಲೋಮೀಟರ್, 2011ರಲ್ಲೇ 17.76 ಲಕ್ಷ ಜನ. ಅಲ್ಲಿ ಓಡಿಸಿದ ಆನೆಗೆ ಹೋಗಲು ಕಾಡಿದೆ. ಇಲ್ಲಿ ಒಬ್ಬರ ತೋಟದಿಂದ ಓಡಿಸಿದರೆ ಪಕ್ಕದವರ ತೋಟ. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ ದಸರಾ ಆನೆ ಅರ್ಜುನನನ್ನು ಕಳೆದುಕೊಂಡವರು ನಾವು. ಅದಕ್ಕೇ ಹೇಳುವುದು, ನಿಮ್ಮಂಥವರು ಅಲ್ಲಿಗೆ ಹೋಗಿ ರೈತರ ಬಾಯಲ್ಲೇ ಕೇಳಿಕೊಂಡು ಬರಬೇಕು.

ಪ್ರಶ್ನೆ: ಏಪ್ರಿಲ್ ರಜೆಯೋ, ದಸರಾ ರಜೆಯೋ? ವಿಕ್ಟೋರಿಯಾ ಜಲಪಾತವನ್ನೂ ನೋಡುವ ಆಸೆ.
— ಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಎರಡರಲ್ಲಿ ಒಂದನ್ನು ಬಿಡಬೇಕು. ಏಪ್ರಿಲ್‌ನಲ್ಲಿ ಜಲಪಾತ ತುಂಬಿ ಹರಿಯುತ್ತದೆ. 1,708 ಮೀಟರ್ ಅಗಲದ ನೀರು ಒಟ್ಟಿಗೆ ಬೀಳುವಾಗ ಏಳುವ ತುಂತುರಿನಲ್ಲಿ ಎದುರಿನ ಬಂಡೆಯೇ ಕಾಣದೆ ಹೋಗಬಹುದು, ರೇನ್‌ಕೋಟ್ ಬೇಕೇ ಬೇಕು. ಆದರೆ ಆಗ ಮಳೆಗಾಲ ಮುಗಿಯುತ್ತಿರುವ ಹೊತ್ತು, ಹುಲ್ಲು ಎತ್ತರ, ಪ್ರಾಣಿ ಕಾಣುವುದು ಕಮ್ಮಿ. ಅಕ್ಟೋಬರ್‌ನಲ್ಲಿ ಸೆಕೆ ಜಾಸ್ತಿ, ಹೊಂಡಗಳೆಲ್ಲ ಒಣಗಿ ಪ್ರಾಣಿಗಳು ನದಿಗೇ ಬರಬೇಕು. ಜಲಪಾತದ ಜಾಂಬಿಯಾ ಕಡೆ ಮಾತ್ರ ಆಗ ಬರೀ ಬಂಡೆ, ಜಿಂಬಾಬ್ವೆ ಕಡೆಯಿಂದ ನೋಡಿ. ಮಕ್ಕಳಿಗಾಗಿ ಹೋಗುವುದಾದರೆ ನಾನು ದಸರಾ ರಜೆ ಅನ್ನುತ್ತೇನೆ. ಕಸಾನೆಯಿಂದ ಜಲಪಾತಕ್ಕೆ 80 ಕಿಲೋಮೀಟರ್ ಆಸುಪಾಸು, ಮಧ್ಯೆ ದೇಶದ ಗಡಿ ಇದೆ. ದಾಟಿ ವಾಪಸ್ ಬರುವುದಿದ್ದರೆ ವೀಸಾ ಅದಕ್ಕೆ ತಕ್ಕಂತೆ ಇರಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?
— ಗೃಹಿಣಿ, ಅರಸೀಕೆರೆ

ಉತ್ತರ: ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಪಾಪ್ ಎಲ್ಲ ಕಡೆ ಸಿಗುತ್ತದೆ. ನಮ್ಮ ಮುದ್ದೆಯ ಹಾಗೆ ಕೈಯಲ್ಲೇ ಮುರಿದು ತಿನ್ನುವುದು. ಜೊತೆಗೆ ಬೇಯಿಸಿದ ಸೊಪ್ಪು, ಅಲಸಂದೆ ಕೇಳಿ. ಸೊಪ್ಪಿಗೆ ಮಾಂಸದ ರಸ ಸೇರಿಸಿದ್ದಾರಾ ಅಂತ ವಿಚಾರಿಸಿ. ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದರೆ ಚಿಂತೆಯೇ ಇಲ್ಲ, 1860ರಿಂದ ಕಬ್ಬಿನ ತೋಟಕ್ಕೆ ಹೋದ ನಮ್ಮ ದೇಶದವರ ಮಕ್ಕಳು ಮೊಮ್ಮಕ್ಕಳ ಊರು ಅದು. ಬ್ರೆಡ್ಡಿನೊಳಗೆ ಹುರುಳಿಕಾಯಿ ಬೀಜದ ಸಾಗು ತುಂಬಿದ ಬನ್ನಿ ಚೌ ತಿನ್ನದೆ ಬರಬೇಡಿ.

ಪ್ರಶ್ನೆ: ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ನಾವೇ ಕಾರು ಓಡಿಸಬಹುದಾ? ಮಗನಿಗೆ ನಾಲ್ಕು ವರ್ಷ. ಸೊಳ್ಳೆ ಭಯವೂ ಇದೆ.
— ಓದುಗರು, ಮೂಡಿಗೆರೆ

ಉತ್ತರ: ಓಡಿಸಬಹುದು. ಸ್ಟೀರಿಂಗ್ ಬಲಕ್ಕೆ, ರಸ್ತೆಯ ಎಡಕ್ಕೆ, ನಮ್ಮಂತೆಯೇ. ಡಾಂಬರು ರಸ್ತೆಯಲ್ಲಿ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ವೇಗ ಮೀರುವಂತಿಲ್ಲ, ಗುರುತು ಮಾಡಿದ ಜಾಗ ಬಿಟ್ಟು ಎಲ್ಲೂ ಇಳಿಯುವಂತಿಲ್ಲ. ಸಂಜೆ ಗೇಟು ಮುಚ್ಚುವುದರೊಳಗೆ ಕ್ಯಾಂಪ್ ಸೇರಬೇಕು. ಚಿಕ್ಕ ಮಗು ಇರುವಾಗ ಸ್ವಂತ ಕಾರೇ ವಾಸಿ, ಆರು ವರ್ಷದೊಳಗಿನವರನ್ನು ಸಫಾರಿ ಜೀಪಿಗೆ ಹಲವು ಕಡೆ ಹತ್ತಿಸುವುದಿಲ್ಲ. ಆದರೆ ಕ್ರೂಗರ್, ಚೋಬೆ ಎರಡೂ ಮಲೇರಿಯಾ ಇರುವ ಜಾಗ. ಈ ವಯಸ್ಸಿಗೆ ನಾನಾದರೆ ಮಲೇರಿಯಾ ಇಲ್ಲದ ಪಿಲಾನೆಸ್‌ಬರ್ಗ್ ಅಥವಾ ಆಡ್ಡೋ ಆನೆ ಪಾರ್ಕ್ ಆರಿಸುತ್ತೇನೆ. ಮಗನ ಜನನ ಪ್ರಮಾಣಪತ್ರ ಕೈಯಲ್ಲಿರಲಿ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಬೇಕಾಗಬಹುದು. ನೈರೋಬಿಯಲ್ಲೋ ಅಡಿಸ್ ಅಬಾಬಾದಲ್ಲೋ ವಿಮಾನ ಬದಲಿಸಿ ಅಲ್ಲೇ ಹೆಚ್ಚು ಹೊತ್ತು ಕಾಯುವ ಟಿಕೆಟ್ ಆದರೆ ಹಳದಿ ಜ್ವರದ ಲಸಿಕೆಯ ಕಾರ್ಡ್ ಕೇಳುತ್ತಾರೆ. ಅದನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು.